ತೋಟದ ಕಸ ಗೇಟು ದಾಟಬೇಕಾ? ಮಾಲಿ ಅಥವಾ ಏಜೆನ್ಸಿ ಗೊತ್ತು ಮಾಡುವ ಮುಂಚೆ ಒಂದು ಹೋಲಿಕೆ

ತೋಟ ನೋಡಿಕೊಳ್ಳಲು ಮಾಲಿಯನ್ನೋ ಏಜೆನ್ಸಿಯನ್ನೋ ಗೊತ್ತು ಮಾಡುವಾಗ ನಾವು ಕೇಳುವುದು ಎರಡೇ. ವಾರಕ್ಕೆ ಎಷ್ಟು ಸಲ ಬರ್ತೀರಿ? ತಿಂಗಳಿಗೆ ಎಷ್ಟು ಕೊಡಬೇಕು? ಗುಡಿಸಿದ ಎಲೆ, ಕತ್ತರಿಸಿದ ಹುಲ್ಲು, ಸವರಿದ ಕೊಂಬೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಮ್ಮಿ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. ಅದಕ್ಕೆ ಒಳ್ಳೆಯ ಉತ್ತರ ಸಿಕ್ಕರೆ ಗೊಬ್ಬರದ ಖರ್ಚು ಇಳಿಯುತ್ತದೆ, ನೀರು ಉಳಿಯುತ್ತದೆ. ಸಿಗದಿದ್ದರೆ ನಮ್ಮ ಮಣ್ಣಿನ ಸಾರ ವಾರವಾರವೂ ಚೀಲದಲ್ಲಿ ತುಂಬಿ ಹೊರಗೆ ಹೋಗುತ್ತದೆ. ಆಮೇಲೆ ಅದೇ ಸಾರವನ್ನು ನರ್ಸರಿಯಿಂದ ಗೊಬ್ಬರದ ಹೆಸರಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ಇದನ್ನು ಬೆಂಗಳೂರಿನ ಮನೆ, ಅಪಾರ್ಟ್‌ಮೆಂಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮೈಸೂರು, ಹುಬ್ಬಳ್ಳಿ, ದಾವಣಗೆರೆಗೂ ಬಹುಪಾಲು ಹೊಂದುತ್ತದೆ. ಕರಾವಳಿಯಲ್ಲಿ ಮಳೆ ಜಾಸ್ತಿ, ಅಲ್ಲಿ ರಾಶಿಗೆ ಸೂರು ಬೇಕು. ಅದೊಂದೇ ದೊಡ್ಡ ವ್ಯತ್ಯಾಸ.

ಈಗ ಎಲ್ಲಿಗೆ ಹೋಗುತ್ತಿದೆ?

ಫೆಬ್ರವರಿ, ಮಾರ್ಚ್ ಬಂತೆಂದರೆ ಹೊಂಗೆ, ಮಹಾಗನಿ ಮರಗಳು ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿದ ಅಂಗಳ ಸಂಜೆಗೆ ಮತ್ತೆ ತುಂಬಿರುತ್ತದೆ. ಆ ಎಲೆಗೆ ಈಗ ಸಾಮಾನ್ಯವಾಗಿ ಮೂರು ದಾರಿ. ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಖಾಲಿ ಸೈಟಿಗೋ ಮೋರಿಗೋ ಸುರಿಯುತ್ತಾರೆ. ಇಲ್ಲವೇ ಅಡುಗೆಮನೆಯ ಹಸಿ ಕಸದ ಜೊತೆ ಗಾಡಿಗೆ ಹಾಕುತ್ತಾರೆ.

ಸುಡುವುದಂತೂ ಬೇಡವೇ ಬೇಡ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತ ಹೇಳಿತು. ಬೆಂಗಳೂರಿನಲ್ಲಿ ನೆಲೆಸಿರುವ ಅಲ್ಮಿತ್ರಾ ಪಟೇಲ್ ನಗರಗಳ ಕಸದ ವಿಲೇವಾರಿ ಸರಿಯಿಲ್ಲ ಅಂತ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆಮೇಲೆ ನ್ಯಾಯಮಂಡಳಿಗೆ ವರ್ಗವಾದ ಆ ಮೊಕದ್ದಮೆಯಲ್ಲೇ ಈ ಆದೇಶ ಬಂದದ್ದು. ದಂಡದ ಮಾತು ಹಾಗಿರಲಿ. ಒಣ ಎಲೆಯ ಹೊಗೆ ಮೇಲೇಳುವುದಿಲ್ಲ, ತಗ್ಗಿನಲ್ಲೇ ಬೀದಿಯುದ್ದಕ್ಕೂ ಹರಡುತ್ತದೆ. ಪಕ್ಕದ ಮನೆಯಲ್ಲಿ ಉಬ್ಬಸದ ಮಗುವೋ ವಯಸ್ಸಾದವರೋ ಇದ್ದರೆ ಅವರ ಇಡೀ ದಿನ ಹಾಳು. ಎಲೆಯಲ್ಲಿದ್ದ ಸಾರಜನಕವೂ ಹೆಚ್ಚುಕಮ್ಮಿ ಪೂರ್ತಿ ಹೊಗೆಯಲ್ಲೇ ಹೋಗುತ್ತದೆ. ಉಳಿಯುವುದು ಒಂದು ಹಿಡಿ ಬೂದಿ.

ಮೋರಿಗೆ ಸುರಿದ ಎಲೆಯ ಫಲ ಏಪ್ರಿಲ್, ಮೇ ತಿಂಗಳ ಮೊದಲ ಜೋರು ಮಳೆಗೆ ಗೊತ್ತಾಗುತ್ತದೆ. ನೀರು ಹೋಗುವ ಬಾಯಿಗೆ ಎಲೆ, ಕಡ್ಡಿ ಕಟ್ಟಿಕೊಂಡು ರಸ್ತೆಯೇ ಕೆರೆಯಾಗುತ್ತದೆ.

ಹಸಿ ಕಸಕ್ಕೆ ಬೆರೆಸುವುದು ಇವೆರಡರಷ್ಟು ಕೆಟ್ಟದಾಗಿ ಕಾಣುವುದಿಲ್ಲ, ಆದರೆ ಅದೂ ತೊಂದರೆಯೇ. ಹಸಿ ಕಸದಿಂದ ಗ್ಯಾಸ್ ತೆಗೆಯುವ ಘಟಕಕ್ಕೆ ನಾರು ಜಾಸ್ತಿ ಇರುವ ಎಲೆ, ಕಡ್ಡಿ ಬೇಡ. ಗಾಳಿಯಾಡದ ತೊಟ್ಟಿಯಲ್ಲಿ ಅವು ಕರಗುವುದೇ ಇಲ್ಲ ಅನ್ನಬಹುದು. ತೋಟದ ಕಸವನ್ನು ಬೇರೆಯಾಗಿ, ತಮ್ಮ ಆವರಣದಲ್ಲೇ ಇಟ್ಟುಕೊಂಡು ಸ್ಥಳೀಯ ಸಂಸ್ಥೆ ಹೇಳಿದ ಹಾಗೆ ವಿಲೇವಾರಿ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ಬೆರೆತ ಕಸ ಕೊನೆಗೆ ಯಾವುದೋ ಹಳ್ಳಿಯ ಪಕ್ಕದ ಕ್ವಾರಿಗೆ ಹೋಗಿ ಬೀಳುತ್ತದೆ. ಅಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಹೊರವಲಯದ ಹಳ್ಳಿ ಮಾವಳ್ಳಿಪುರದ ಜನ ಸಾಕಪ್ಪಾ ಸಾಕು ಅಂದ ಮೇಲೆ 2012ರಲ್ಲಿ ಅಲ್ಲಿಗೆ ನಗರದ ಲಾರಿ ಹೋಗುವುದು ನಿಂತಿತು. ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರೂ 2014ರಲ್ಲಿ ಬೀದಿಗಿಳಿದರು. ಆ ವರ್ಷದ ಕೊನೆಗೆ ಅದೂ ಮುಚ್ಚಿತು. ಆ ಊರಿನವರು ವರ್ಷಗಟ್ಟಲೆ ಸಹಿಸಿದ ನಾತದಲ್ಲಿ ನಮ್ಮ ಮನೆಯಂಗಳದ ಎಲೆಯ ಪಾಲೂ ಇತ್ತು. ಆದ್ದರಿಂದಲೇ ಈ ವಿಷಯ ನನಗೆ ಸಣ್ಣದು ಅನ್ನಿಸುವುದಿಲ್ಲ.

ಮೊದಲು ನಿಮ್ಮ ಕಸ ಯಾವುದು ನೋಡಿ

ಯಾವ ವಿಧಾನ ಒಳ್ಳೆಯದು ಅಂತ ಕೇಳಿದರೆ ಉತ್ತರ ಇರುವುದು ನಿಮ್ಮ ಮರದಲ್ಲಿ. ಹೊಂಗೆ, ನುಗ್ಗೆ, ಮಳೆಮರ, ಗುಲ್‌ಮೊಹರ್ ಎಲೆ ಮೆತ್ತಗೆ ಅಥವಾ ಚಿಕ್ಕದು. ಬೇಗ ಕರಗುತ್ತದೆ. ಮಾವು, ಹಲಸು, ಕಂಬದ ಹಾಗೆ ನೆಟ್ಟಗೆ ಬೆಳೆಯುವ ಅಶೋಕ, ಇವುಗಳ ಎಲೆ ಚರ್ಮದಂತೆ ದಪ್ಪ. ಹಾಗೇ ಬಿಟ್ಟರೆ ವರ್ಷವಾದರೂ ನರ ಕಾಣುತ್ತಿರುತ್ತದೆ. ಹಸಿ ಹುಲ್ಲು, ಬಾಳೆದಿಂಡು, ಹೂ ಬಿಟ್ಟು ಮುಗಿದ ಗಿಡ, ಇವು ನೀರು ತುಂಬಿದ ವಸ್ತು. ಒಂದೇ ಕಡೆ ಗುಡ್ಡೆ ಹಾಕಿದರೆ ಮೂರನೇ ದಿನಕ್ಕೆ ನಾರುತ್ತವೆ. ಕೊಂಬೆ, ತೆಂಗಿನ ಗರಿ ಬೇರೆಯದೇ ಜಾತಿ.

ನಿಮ್ಮಲ್ಲಿ ಯಾವುದು ಜಾಸ್ತಿ ಅಂತ ಒಂದು ವಾರ ಗಮನಿಸಿ. ಮಣ್ಣಿನ ನೆಲ ಎಷ್ಟಿದೆ, ಪೂರ್ತಿ ಕಾಂಕ್ರೀಟ್ ಹಾಕಿ ಕುಂಡದಲ್ಲೇ ಗಿಡ ಇಟ್ಟಿದ್ದೀರಾ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಇವೆರಡು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಬುಡಕ್ಕೇ ಹಾಕುವುದು

ಮಣ್ಣಿನ ನೆಲ ಇದ್ದವರಿಗೆ ನನ್ನ ಮೊದಲ ಆಯ್ಕೆ ಇದೇ. ಎಲೆಯನ್ನು ಎಲ್ಲೂ ಸಾಗಿಸಬೇಡಿ. ಗುಡಿಸಿ ಗಿಡದ ಬುಡದ ಸುತ್ತ 3 ಇಂಚು ಹರಡಿ. ಕಾಂಡಕ್ಕೆ ಮಾತ್ರ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ತಾಗಿದರೆ ಮಳೆಗಾಲದಲ್ಲಿ ತೊಗಟೆ ಕೊಳೆಯುತ್ತದೆ. ಹೀಗೆ ಹರಡಿದ ಎಲೆಯ ಮುಚ್ಚಿಗೆ ಇದ್ದರೆ ಬಿಸಿಲಿಗೆ ಮಣ್ಣು ಒಣಗುವುದು ನಿಧಾನ, ಕಳೆ ಮೇಲೇಳುವುದು ಕಮ್ಮಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಗಳಲ್ಲಿ ಇದೊಂದೇ ಕಾರಣ ಸಾಕು.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಶಿರಸಿ, ಸಿದ್ದಾಪುರದ ಕಡೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲೆಂದೇ ಸೊಪ್ಪಿನ ಬೆಟ್ಟ ಇರುತ್ತದೆ. ದರಕು ಕೊಟ್ಟಿಗೆಗೆ ಹೋಗಿ ದನದ ಕಾಲಡಿ ಸಗಣಿ, ಗಂಜಲದ ಜೊತೆ ಬೆರೆಯುತ್ತದೆ. ಅಲ್ಲಿಂದ ಗೊಬ್ಬರಗುಂಡಿ ಸೇರಿ ಕೊನೆಗೆ ಅಡಿಕೆ ಮರದ ಬುಡಕ್ಕೆ ಬರುತ್ತದೆ. ಅಲ್ಲಿ ಎಲೆಗಾಗಿ ಬೆಟ್ಟ ಹತ್ತುತ್ತಾರೆ. ಇಲ್ಲಿ ತಲೆ ಮೇಲಿಂದ ಬಿದ್ದದ್ದನ್ನು ಹೊರಗೆ ಹಾಕುತ್ತೇವೆ.

ಇದರ ಕಷ್ಟಗಳನ್ನೂ ಹೇಳಬೇಕು. ಮಳೆಗಾಲದಲ್ಲಿ ಒದ್ದೆ ಎಲೆಯಡಿ ಆಫ್ರಿಕನ್ ಬಸವನಹುಳು ಸೇರಿಕೊಳ್ಳುತ್ತದೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಇದರ ಕಾಟ ಇದೆ. ಜೂನ್‌ನಿಂದ ಮುಚ್ಚಿಗೆಯನ್ನು ಒಂದು ಇಂಚಿಗೆ ತೆಳುಮಾಡಿ. ಸಂಜೆ ಟಾರ್ಚ್ ಹಿಡಿದು ಹುಳು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಕೈಗವಸು ಇಲ್ಲದೆ ಮುಟ್ಟಬೇಡಿ. ಮನೆಯ ಗೋಡೆಗೆ, ಮರದ ಬಾಗಿಲ ಚೌಕಟ್ಟಿಗೆ ಎಲೆ ಒತ್ತಿಕೊಂಡಿದ್ದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ಗೋಡೆಯಿಂದ ಎರಡು ಅಡಿ ದೂರ ಇರಲಿ. ಇನ್ನು ನೋಟದ ಮಾತು. ಅಂಗಳ ಕನ್ನಡಿಯಂತಿರಬೇಕು ಅನ್ನುವ ಹಿರಿಯರಿಗೆ ಎಲೆ ಹರಡಿದ ಬುಡ ಗಲೀಜಾಗಿ ಕಾಣುತ್ತದೆ. ಅದಕ್ಕೊಂದು ಉಪಾಯ ಇದೆ. ಪಾತಿಯ ಅಂಚಿಗೆ ಇಟ್ಟಿಗೆಯನ್ನೋ ಕಲ್ಲನ್ನೋ ಸಾಲಾಗಿ ಇಡಿ. ಎಲೆ ಅಂಚಿನೊಳಗೆ ನಿಂತರೆ ಅದೇ ಅಚ್ಚುಕಟ್ಟಾಗಿ ಕಾಣುತ್ತದೆ.

ಹುಲ್ಲುಹಾಸಿನ ವಿಷಯಕ್ಕೆ ಬಂದರೆ, ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಟ್ಟುಬಿಡಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸದಿದ್ದರೆ ಆ ಚೂರುಗಳು ಕೆಲವೇ ದಿನಕ್ಕೆ ಮಣ್ಣು ಸೇರುತ್ತವೆ. ತಿಂಗಳುಗಟ್ಟಲೆ ಬೆಳೆಯಲು ಬಿಟ್ಟು ಒಮ್ಮೆಲೇ ಬೋಳಿಸಿದರೆ ಮಾತ್ರ ದಪ್ಪಗೆ ಮುದ್ದೆಯಾಗಿ ಕೂತು ಅಡಿಯ ಹುಲ್ಲನ್ನು ಹಳದಿ ಮಾಡುತ್ತವೆ.

ಎಲೆಗೊಂದು ಪಂಜರ

ಎಲೆ ಬುಡಕ್ಕೆ ಹಾಕಿಯೂ ಮಿಕ್ಕಿದರೆ ಜಾಲರಿ ಪಂಜರ. ಖರ್ಚು ಕಮ್ಮಿ, ಕೆಲಸವೂ ಕಮ್ಮಿ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡ್ ಮೆಶ್ ಕೇಳಿ. ಕೋಳಿ ಜಾಲರಿ ಅಗ್ಗ, ಆದರೆ ಎಲೆಯ ಭಾರಕ್ಕೆ ಹೊಟ್ಟೆ ಬಿಡುತ್ತದೆ. 3 ಅಡಿ ಎತ್ತರ, 10 ಅಡಿ ಉದ್ದದ ತುಂಡು ತಂದು, ಸುತ್ತಿ, ತುದಿಗಳನ್ನು ಒಂದರ ಮೇಲೊಂದು ಇಟ್ಟು ತಂತಿ ಬಿಗಿದರೆ ಸುಮಾರು 3 ಅಡಿ ಅಗಲದ ಪಂಜರವಾಗುತ್ತದೆ. ಮಣ್ಣಿನ ಮೇಲೇ ನಿಲ್ಲಿಸಿ, ಅರೆನೆರಳಿನಲ್ಲಿ.

ತುಂಬುವ ರೀತಿಯಲ್ಲೇ ಎಲ್ಲ ಇದೆ. ಅಡಿಗೆ ಅರ್ಧ ಅಡಿ ಒರಟು ಕಡ್ಡಿ ಹಾಕಿ, ಗಾಳಿಗೆ. ಅದರ ಮೇಲೆ ಒಂದು ಅಡಿ ಎಲೆ, ಕಾಲಿನಿಂದ ತುಳಿದು ಒತ್ತಿ, ನೀರು ಹಾಕಿ. ಇಲ್ಲಿ ಬಹಳ ಜನ ಪೂರ್ತಿ ತುಂಬಿದ ಮೇಲೆ ಮೇಲಿಂದ ಪೈಪು ಹಿಡಿಯುತ್ತಾರೆ. ಒಣ ಎಲೆ ನೀರು ಹಿಡಿಯುವುದಿಲ್ಲ, ಜಾರಿಸಿ ಬಿಡುತ್ತದೆ. ಮೇಲೆ ಒದ್ದೆ, ನಡುವೆ ಗರಿಗರಿ ಹಾಗೇ ಇರುತ್ತದೆ. ಆರು ತಿಂಗಳಾದರೂ ಏನೂ ಆಗಲಿಲ್ಲ ಅಂತ ಬೇಸರಪಡುವವರ ರಾಶಿ ತೆಗೆದು ನೋಡಿದರೆ ಕಾರಣ ಸಾಮಾನ್ಯವಾಗಿ ಇದೇ. ಒಂದೊಂದು ಪದರಕ್ಕೂ ನೀರು, ಅದರ ಮೇಲೆ ಒಂದು ಮಗ್ ತೆಳು ಸಗಣಿನೀರು ಅಥವಾ ಹುಳಿ ಮಜ್ಜಿಗೆ. ಸಗಣಿ ಸಿಗದ ಕಡೆ ಹಳೆಯ ಗೊಬ್ಬರ ಎರಡು ಹಿಡಿ ಉದುರಿಸಿದರೂ ನಡೆಯುತ್ತದೆ. ಹದ ನೋಡಲು ನಡುವಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಜಾಸ್ತಿ, ಕೈ ಒಣಗೇ ಇದ್ದರೆ ಕಮ್ಮಿ.

ತುಂಬಿದ ಪಂಜರ ಕೆಲವು ವಾರಕ್ಕೆ ಅರ್ಧಕ್ಕೆ ಕುಗ್ಗುತ್ತದೆ. ಮತ್ತೆ ತುಂಬಬಹುದು. ಹೊಂಗೆ, ಗುಲ್‌ಮೊಹರ್ ಎಲೆಯಾದರೆ ಆರು ತಿಂಗಳ ಸುಮಾರಿಗೆ, ಮಾವು, ಹಲಸಾದರೆ ವರ್ಷದ ಮೇಲೆ ಅಡಿಯಲ್ಲಿ ಕಪ್ಪು ಪುಡಿ ಸಿಗುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು ಅಂತ ಅರ್ಥ. ಈ ಎಲೆಗೊಬ್ಬರದಲ್ಲಿ ಪೋಷಕಾಂಶ ತೀರಾ ಜಾಸ್ತಿ ಇರುವುದಿಲ್ಲ. ಅದರ ಗುಣ ಇರುವುದು ನೀರು ಹಿಡಿದಿಡುವುದರಲ್ಲಿ, ಗಟ್ಟಿ ಕೆಂಪು ಮಣ್ಣನ್ನು ಸಡಿಲ ಮಾಡುವುದರಲ್ಲಿ. ಕುಂಡಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬದಲು ಇದನ್ನೇ ಹಾಕಬಹುದು.

ಪಂಜರ ಬಾಗಿಲ ಹತ್ತಿರ ಬೇಡ. ತಂಪಾದ ಎಲೆರಾಶಿಗೆ ಚೇಳು, ಹಾವು ಬರುವ ಸಾಧ್ಯತೆ ಇದ್ದೇ ಇರುತ್ತದೆ. ಕೈ ಹಾಕುವ ಮುಂಚೆ ಕೋಲಿನಿಂದ ಕೆದಕುವ ಅಭ್ಯಾಸ ಒಳ್ಳೆಯದು.

ಬಿಸಿ ರಾಶಿ

ಅವಸರ ಇದ್ದರೆ, ಅಡುಗೆಮನೆ ಕಸವನ್ನೂ ಸೇರಿಸಿ ಮುಗಿಸಬೇಕು ಅಂದರೆ, ಬಿಸಿ ರಾಶಿ ಮಾಡಬೇಕು. ಇಂಗಾಲ, ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1 ಇದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಒಣ ಎಲೆಯಲ್ಲಿ ಇಂಗಾಲ ಇದಕ್ಕಿಂತ ಎಷ್ಟೋ ಜಾಸ್ತಿ. ಹಸಿ ಹುಲ್ಲು, ತರಕಾರಿ ಸಿಪ್ಪೆಯಲ್ಲಿ ಕಮ್ಮಿ. ಎರಡೂ ಬೆರೆತರೆ ಹದ ಬರುತ್ತದೆ. ಲೆಕ್ಕ ಬೇಡದವರು ಹೀಗೆ ನೆನಪಿಟ್ಟುಕೊಳ್ಳಿ: ಒಂದು ಬುಟ್ಟಿ ಹಸಿಗೆ ಎರಡರಿಂದ ಮೂರು ಬುಟ್ಟಿ ಒಣ ಎಲೆ.

ರಾಶಿ ಉದ್ದ, ಅಗಲ, ಎತ್ತರ ಮೂರೂ 3 ಅಡಿಯಾದರೂ ಇರಬೇಕು. ಚಿಕ್ಕದಾದರೆ ಒಳಗೆ ಬಿಸಿ ನಿಲ್ಲುವುದಿಲ್ಲ. ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಹಿಡಿದುಕೊಳ್ಳಲು ಆಗದಷ್ಟು ಸುಟ್ಟರೆ ಒಳಗೆ ಕೆಲಸ ನಡೆಯುತ್ತಿದೆ. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆಬೀಜ, ರೋಗದ ಬೀಜಾಣು ಬಹುಪಾಲು ಸಾಯುತ್ತವೆ. ವಾರಕ್ಕೊಮ್ಮೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಗುಚಬೇಕು. ಎರಡು ಮೂರು ತಿಂಗಳಿಗೆ ಗೊಬ್ಬರ.

ಮಗುಚುವವರು ಯಾರು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ವಾರಕ್ಕೊಮ್ಮೆ ಒಂದು ಗಂಟೆಗೆ ಬಂದು ಹೋಗುವ ಮಾಲಿಗೆ ಇದನ್ನೂ ಸುಮ್ನೆ ಸೇರಿಸಿಬಿಟ್ಟರೆ ಆತ ಮಾಡುವುದಿಲ್ಲ, ಮಾಡಲೂ ಆಗುವುದಿಲ್ಲ. ಅದಕ್ಕೆ ಬೇರೆ ಸಮಯ, ಬೇರೆ ದುಡ್ಡು ಕೊಡಬೇಕು. ಕೊಡಲು ತಯಾರಿಲ್ಲದಿದ್ದರೆ ಪಂಜರವೇ ಸಾಕು. ಆದರೆ ದಿನವೂ ಹಸಿ ಕಸ ಬರುವ, ಕೆಲಸದವರು ಇರುವ ಅಪಾರ್ಟ್‌ಮೆಂಟ್‌ಗೆ ಬಿಸಿ ರಾಶಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಸಿ ಕಸದ ಗೊಬ್ಬರಕ್ಕೆ ಎಷ್ಟೋ ಕಡೆ ಕೋಕೋಪೀಟ್ ಕೊಂಡು ಬೆರೆಸುತ್ತಾರೆ. ಪಕ್ಕದಲ್ಲೇ ಒಣ ಎಲೆಯನ್ನು ಚೀಲ ಕಟ್ಟಿ ಹೊರಗೆ ಕಳಿಸುತ್ತಾರೆ. ಎಲೆ ಉದುರುವ ಕಾಲದಲ್ಲಿ ಗೋಣಿಚೀಲಗಳಲ್ಲಿ ತುಂಬಿ ಒಣ ಜಾಗದಲ್ಲಿಟ್ಟುಕೊಂಡರೆ ಮುಂದೆ ತಿಂಗಳುಗಟ್ಟಲೆ ಬಳಸಬಹುದು. ಅಷ್ಟು ಕೋಕೋಪೀಟ್ ಕೊಳ್ಳುವುದು ತಪ್ಪುತ್ತದೆ.

ಮನೆಯಲ್ಲಿ ತೆಂಗಿನ ಮರ ಇದ್ದವರು ಒಂದು ವಿಷಯ ಗಮನಿಸಬೇಕು. ಕುರುವಾಯಿ ಕೀಟ, ಅಂದರೆ ತೆಂಗಿನ ಸುಳಿ ಕೊರೆಯುವ ಆ ಕೊಂಬಿನ ದುಂಬಿ, ಮೊಟ್ಟೆ ಇಡುವುದು ಇಂಥ ಗೊಬ್ಬರದ ರಾಶಿಯಲ್ಲೇ. ಮಗುಚುವಾಗ ಹೆಬ್ಬೆರಳು ಗಾತ್ರದ, ಬಿಳಿ, ಬಿಲ್ಲಿನಂತೆ ಬಾಗಿದ ಹುಳು ಕಂಡರೆ ಆರಿಸಿ ತೆಗೆಯಿರಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ರಾಶಿಯೇ ಅದಕ್ಕೆ ಬೇಕಾದ ಮನೆ. ಮಗುಚುತ್ತಿದ್ದರೆ ಭಯವಿಲ್ಲ.

ಎರೆಹುಳು, ಯಂತ್ರ

ಎರೆಗೊಬ್ಬರ ಉತ್ತಮ ದರ್ಜೆಯದು, ಒಪ್ಪುತ್ತೇನೆ. ಆದರೆ ಎರೆಹುಳು ಒಣ ಎಲೆಯನ್ನು ನೇರವಾಗಿ ತಿನ್ನುವುದಿಲ್ಲ. ಮೊದಲು ಕೆಲವು ವಾರ ಅರೆಕೊಳೆಸಿ ಆಮೇಲೆ ಕೊಡಬೇಕು. ಬಿಸಿಲು, ಇರುವೆ, ಹೆಗ್ಗಣಗಳಿಂದ ಕಾಪಾಡಬೇಕು. ಬೇಸಿಗೆ ರಜೆಗೆ ಹದಿನೈದು ದಿನ ಊರಿಗೆ ಹೋಗುವ ಮನೆಗೆ ಇದು ಹೊಂದುವುದಿಲ್ಲ. ತೆಂಗಿನ ಗರಿ ರಾಶಿ ರಾಶಿ ಬೀಳುವ ಕಡೆ ಮಾತ್ರ ಇದನ್ನು ಗಂಭೀರವಾಗಿ ಯೋಚಿಸಬಹುದು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಗರಿಯನ್ನೇ ತಿಂದು ಗೊಬ್ಬರ ಮಾಡುವ ಎರೆಹುಳು ಗುರುತಿಸಿ ವಿಧಾನ ರೂಪಿಸಿದ್ದಾರೆ. ಒಂದೆರಡು ಮರ ಇರುವ ಮನೆಯವರು ಕಡ್ಡಿ ತೆಗೆದು ಪೊರಕೆ ಮಾಡಿಸಿ, ಉಳಿದದ್ದನ್ನು ತುಂಡರಿಸಿ ಮರದ ಬುಡಕ್ಕೇ ಹಾಸಿದರೆ ಆಯಿತು.

ಕೊಂಬೆ ಪುಡಿ ಮಾಡುವ ಶ್ರೆಡರ್ ಬಗ್ಗೆ ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಜೋರು ಚರ್ಚೆ ನಡೆಯುತ್ತದೆ. ಚೂರಾದ ಎಲೆ ಬೇಗ ಕೊಳೆಯುತ್ತದೆ, ಜಾಗವೂ ಕಮ್ಮಿ ಬೇಕು. ಮಾವು, ಹಲಸು ಜಾಸ್ತಿ ಇದ್ದರೆ ನಿಜವಾಗಿ ಉಪಯೋಗ ಇದೆ. ಆದರೆ ಮನೆಬಳಕೆಯ ಚಿಕ್ಕ ಯಂತ್ರ ಹೆಬ್ಬೆರಳಿಗಿಂತ ದಪ್ಪನೆಯ ಕೊಂಬೆಗೆ ಒದ್ದಾಡುತ್ತದೆ. ತೆಂಗಿನ ಗರಿಯ ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಸದ್ದಿಗೆ ಮೇಲಿನ ಮನೆಯವರು ಬೈಯುತ್ತಾರೆ. ಕೈ ಸಿಕ್ಕಿಕೊಳ್ಳುವ ಅಪಾಯವೂ ಇದೆ, ತರಬೇತಿ ಇಲ್ಲದವರ ಕೈಗೆ ಕೊಡಬಾರದು. ಒಂದೇ ಮನೆಗೆ ಕೊಳ್ಳುವುದು ದಂಡ. ನೂರಾರು ಮನೆಗಳ ಅಪಾರ್ಟ್‌ಮೆಂಟ್ ಆದರೆ ಕೊಳ್ಳಬಹುದು. ನಡುವಿನ ಗಾತ್ರದವರು ಯಂತ್ರ ಇರುವ ಏಜೆನ್ಸಿಯನ್ನು ಎಲೆ ಉದುರುವ ಕಾಲಕ್ಕೆ, ಮಳೆಗೆ ಮುಂಚಿನ ಸವರುವಿಕೆಗೆ ಮಾತ್ರ ಕರೆಸುವುದು ಲಾಭ.

ಹೊರಗೆ ಕಳಿಸಲೇಬೇಕಾದಾಗ

ಕುಂಡಗಳೇ ಇರುವ ಮನೆ, ಸುತ್ತ ಪೂರ್ತಿ ಕಾಂಕ್ರೀಟ್, ತಲೆ ಮೇಲೆ ಬೀದಿಯ ದೊಡ್ಡ ಮರ. ಇಂಥವರು ಎಲ್ಲವನ್ನೂ ಒಳಗೇ ಮುಗಿಸಲು ಆಗುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆಗಲೂ ಬೇರೆಯಾಗಿ ಕೊಡಿ, ಪ್ಲಾಸ್ಟಿಕ್ ಚೀಲದ ಬದಲು ಗೋಣಿಚೀಲದಲ್ಲಿ ಕೊಡಿ, ಚೀಲ ವಾಪಸ್ ಇಸ್ಕೊಳ್ಳಿ. ಹತ್ತಿರದ ಪಾರ್ಕಿನಲ್ಲಿ ಎಲೆಗೊಬ್ಬರದ ತೊಟ್ಟಿ ಇದೆಯಾ ವಿಚಾರಿಸಿ, ಬಡಾವಣೆಯ ಸಂಘದವರು ಸೇರಿ ಕೇಳಿದರೆ ಹೊಸದಾಗಿ ಇಡಿಸಲೂಬಹುದು. ಎಚ್ಎಸ್ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಬೇರೆ ಬೇರೆ ಮಾದರಿಯ ಗೊಬ್ಬರದ ವ್ಯವಸ್ಥೆಗಳನ್ನು ಕಣ್ಣಾರೆ ನೋಡಬಹುದು. ಯಾವುದನ್ನಾದರೂ ಕೊಳ್ಳುವ ಮುಂಚೆ ಅಲ್ಲಿಗೊಮ್ಮೆ ಹೋಗಿ ಬಂದರೆ ಒಳ್ಳೆಯದು.

ದೊಡ್ಡ ಕೊಂಬೆ, ಮರದ ವಿಷಯ ಬೇರೆ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಬಹುಪಾಲು ಮರಗಳನ್ನು ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಮರ ನಿಮ್ಮ ಜಾಗದಲ್ಲೇ ಇದ್ದರೂ. "ಅದೆಲ್ಲ ಬೇಡ ಸರ್, ಭಾನುವಾರ ಬೆಳಿಗ್ಗೆ ಮುಗಿಸಿಬಿಡ್ತೀವಿ" ಅನ್ನುವವರನ್ನು ಅಲ್ಲೇ ಬಿಟ್ಟುಬಿಡಿ.

ಯಾರನ್ನು ಗೊತ್ತು ಮಾಡುವುದು?

ಬೆಂಗಳೂರಿನಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ನಾಲ್ಕಾರು ಮನೆ ಹಿಡಿದುಕೊಂಡು ಸೈಕಲ್ಲಿನಲ್ಲೋ ಬೈಕಿನಲ್ಲೋ ಬರುವ ಮಾಲಿ. ವರ್ಷದ ಒಪ್ಪಂದಕ್ಕೆ ಬರುವ ಏಜೆನ್ಸಿ. ಒಂದೇ ದಿನಕ್ಕೆ ಬಂದು ಎಲ್ಲ ಬಳಿದು ಟಾಟಾ ಏಸ್‌ನಲ್ಲಿ ಹೇರಿಕೊಂಡು ಹೋಗುವ ತಂಡ.

ಮೂರನೆಯವರ ಬಗ್ಗೆ ನನಗೆ ನಂಬಿಕೆ ಕಮ್ಮಿ. ಕೆಲಸ ಚುರುಕು, ಅಂಗಳ ಥಳಥಳ. ಆದರೆ ಆ ಗಾಡಿ ಎಲ್ಲಿ ಖಾಲಿಯಾಗುತ್ತದೆ ಅಂತ ಕೇಳಿದರೆ "ಹೊರಗಡೆ ಜಾಗ ಇದೆ ಸರ್" ಅನ್ನುವುದಕ್ಕಿಂತ ಜಾಸ್ತಿ ಹೇಳುವವರು ಅಪರೂಪ. ಕೆರೆಯಂಚು, ವರ್ತುಲ ರಸ್ತೆಯ ಬದಿ ನೋಡಿದವರಿಗೆ ಆ ಜಾಗ ಯಾವುದು ಅಂತ ಊಹಿಸುವುದು ಕಷ್ಟವಲ್ಲ. ಜಾಗದ ಹೆಸರು ಹೇಳಿ, ಬೇಕಾದರೆ ಬಂದು ನೋಡಿ ಅನ್ನುವ ತಂಡ ಸಿಕ್ಕರೆ ಮಾತ್ರ ಕೆಲಸ ಕೊಡಿ.

ಒಂಟಿ ಮನೆಗೆ ಪರಿಚಯದ ಮಾಲಿಯೇ ಒಳ್ಳೆಯದು. ಹಳ್ಳಿಯಿಂದ ಬಂದವರಾದರೆ ಗೊಬ್ಬರದ ವಿಷಯ ನಮಗಿಂತ ಚೆನ್ನಾಗಿ ಬಲ್ಲವರೇ ಇರುತ್ತಾರೆ. ಎಲೆ ಹೊರಗೆ ಹಾಕುವುದು ಅವರ ಇಷ್ಟದಿಂದಲ್ಲ, ಮನೆಯವರು "ಕ್ಲೀನ್ ಆಗಿರಬೇಕು" ಅಂದದ್ದಕ್ಕೆ. "ಅಣ್ಣಾ, ಇನ್ಮೇಲೆ ಎಲೆ ಹೊರಗೆ ಹಾಕೋದು ಬೇಡ, ಬುಡಕ್ಕೆ ಹಾಕಿ, ಉಳಿದದ್ದು ಪಂಜರಕ್ಕೆ" ಅಂತ ಹೇಳಿ ನೋಡಿ. "ಹಂಗಾದ್ರೆ ನಂಗೂ ಹೊರೋದು ತಪ್ತು" ಅನ್ನುವ ಉತ್ತರ ಬರುವ ಸಾಧ್ಯತೆಯೇ ಜಾಸ್ತಿ. ಅವರಿಗೆ ಕೈಗವಸು, ಒಳ್ಳೆಯ ರೇಕ್, ಹರಿತವಾದ ಕತ್ತರಿ ನೀವೇ ಕೊಡಿಸಿ. ಪಂಜರ ತುಂಬುವ ದಿನ ಅರ್ಧ ಗಂಟೆಯ ಕೂಲಿ ಜಾಸ್ತಿ ಕೊಡಿ. ಬೇಸಿಗೆಯ ಬಿಸಿಲಲ್ಲಿ ಕೆಲಸ ಮಾಡುವವರಿಗೆ ಇದು ದಾನವಲ್ಲ, ಸಲ್ಲಬೇಕಾದ ಹಣ.

ಅಪಾರ್ಟ್‌ಮೆಂಟ್‌ಗೆ ಏಜೆನ್ಸಿ ಬೇಕಾಗುತ್ತದೆ. ಇಲ್ಲಿ ಬಾಯಿಮಾತು ಸಾಲದು, ಒಪ್ಪಂದದಲ್ಲಿ ಬರೆಸಬೇಕು. ಹೀಗೆ ಬರೆಸಬಹುದು: "ಎಲೆ, ಹುಲ್ಲು, ಸಣ್ಣ ಕೊಂಬೆಗಳನ್ನು ಆವರಣದಲ್ಲೇ ಮುಚ್ಚಿಗೆಗೆ ಅಥವಾ ಗೊಬ್ಬರಕ್ಕೆ ಬಳಸತಕ್ಕದ್ದು. ಸುಡುವಂತಿಲ್ಲ. ಹೊರಗೆ ಸಾಗಿಸುವ ಪ್ರತಿ ಗಾಡಿಗೂ ಎಲ್ಲಿಗೆ ಹೋಯಿತು ಎಂಬ ರಸೀದಿ ಕೊಡತಕ್ಕದ್ದು." ಕೊಟೇಶನ್‌ಗಳನ್ನು ಹೋಲಿಸುವಾಗ ತಿಂಗಳ ಮೊತ್ತ ಮಾತ್ರ ನೋಡಬೇಡಿ. ಕಮ್ಮಿ ಹೇಳಿದವರು ಗೊಬ್ಬರ, ಕೆಂಪು ಮಣ್ಣು, ಕೋಕೋಪೀಟ್, ಗಾಡಿ ಬಾಡಿಗೆಯನ್ನು ಬೇರೆ ಬಿಲ್ ಮಾಡುತ್ತಾರಾ ಕೇಳಿ. ಆವರಣದಲ್ಲೇ ಗೊಬ್ಬರ ಮಾಡುವ ಏಜೆನ್ಸಿ ಮೇಲ್ನೋಟಕ್ಕೆ ದುಬಾರಿ ಅನ್ನಿಸಿದರೂ ಈ ಬಿಲ್ಲುಗಳೆಲ್ಲ ಸೇರಿದ ಮೇಲೆ ಲೆಕ್ಕ ಬೇರೆಯೇ ಆಗಬಹುದು. ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಹುಟ್ಟುವ ಕಡೆಗಳನ್ನು 2016ರ ನಿಯಮಗಳು ದೊಡ್ಡ ಉತ್ಪಾದಕರು ಅಂತಲೇ ಕರೆದಿದ್ದವು. ಅಂಥ ಅಪಾರ್ಟ್‌ಮೆಂಟ್‌ಗೆ ಇದು ಬರೀ ಒಳ್ಳೆಯ ಮನಸ್ಸಿನ ಮಾತಾಗಿ ಉಳಿಯುವುದಿಲ್ಲ, ಹೊಣೆಯೂ ಆಗುತ್ತದೆ.

ಗಾಳಿ ಊದಿ ಎಲೆ ಸರಿಸುವ ಬ್ಲೋವರ್ ಬಳಸುವ ಏಜೆನ್ಸಿಗಳೂ ಇವೆ. ಕಾಂಕ್ರೀಟ್ ದಾರಿಗೆ ಪರವಾಗಿಲ್ಲ. ಪಾತಿಗೆ ಹಿಡಿದರೆ ಎಲೆಯ ಜೊತೆ ಮೇಲ್ಮಣ್ಣೂ ಹಾರುತ್ತದೆ, ಧೂಳು ಕಿಟಕಿಗೆ ಬರುತ್ತದೆ. ಪೊರಕೆ, ರೇಕ್ ಸಾಕು.

ಯಾವುದು ರಾಶಿಗೆ ಬೇಡ

ಇದನ್ನು ಮಾಲಿಗೆ ಬಿಡಿಸಿ ಹೇಳಲೇಬೇಕು. ಕೊನ್ನಾರಿ ಗಡ್ಡೆ, ಗರಿಕೆಯ ಬೇರು ತಣ್ಣನೆಯ ಪಂಜರದಲ್ಲಿ ಸಾಯುವುದಿಲ್ಲ. ಗೊಬ್ಬರದ ಜೊತೆ ಇಡೀ ತೋಟಕ್ಕೆ ಹರಡುತ್ತದೆ. ಬಿಸಿಲಿಗೆ ಹರವಿ ಪೂರ್ತಿ ಒಣಗಿಸಿದ ಮೇಲೆ ಮಾತ್ರ ಹಾಕಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕಿತ್ತರೆ ಗೊಬ್ಬರಕ್ಕೆ ಆಗುತ್ತದೆ, ಹೂ ಬಂದಿದ್ದರೆ ಬೇಡ. ಕೀಳುವಾಗ ಕೈಗವಸು ಇರಲಿ, ಚರ್ಮಕ್ಕೆ ತುರಿಕೆ ಬರುತ್ತದೆ. ಕಪ್ಪು ಚುಕ್ಕೆ ರೋಗ ಬಂದ ಗುಲಾಬಿ ಎಲೆ, ಹಿಟ್ಟು ತಿಗಣೆ ಮುತ್ತಿದ ದಾಸವಾಳದ ತುದಿ, ಇವನ್ನು ಕಪ್ಪು ಚೀಲದಲ್ಲಿ ಬಿಗಿದು ಕೆಲವು ವಾರ ಬಿಸಿಲಲ್ಲಿಡಿ, ಆಮೇಲೆ ಬಿಸಿ ರಾಶಿಯ ನಡುವಿಗೆ ಹಾಕಿ. ಕಳೆನಾಶಕ ಹೊಡೆದ ಹುಲ್ಲನ್ನು ತರಕಾರಿ ಪಾತಿಯ ಹತ್ತಿರವೂ ತರಬೇಡಿ. ಕೀಟನಾಶಕದ ಖಾಲಿ ಬಾಟಲಿ ಅಪಾಯಕಾರಿ ಕಸ, ಅದನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು. ನರ್ಸರಿಯ ಕಪ್ಪು ಕವರುಗಳನ್ನು ಹರಿಯದೆ ಬಿಡಿಸಿಟ್ಟರೆ ಮತ್ತೆ ಸಸಿ ಮಾಡಬಹುದು. ಪ್ಲಾಸ್ಟಿಕ್ ಕುಂಡ ವಾಪಸ್ ತಗೊಳ್ತಾರಾ ಅಂತ ನರ್ಸರಿಯವರನ್ನು ಕೇಳಿ ನೋಡಿ.

ಗೊಬ್ಬರ ಮಿಕ್ಕರೆ ಚಿಂತೆ ಬೇಡ. ತಾರಸಿ ತೋಟ ಮಾಡುವವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. 'ಊಟ ಫ್ರಮ್ ಯುವರ್ ತೋಟ' ಸಂತೆಗೆ ಹೋದವರಿಗೆ ಅದು ಗೊತ್ತು. ಗೇಟಿಗೆ ಒಂದು ಚೀಟಿ ಅಂಟಿಸಿದರೂ ಸಾಕು.

ಏಜೆನ್ಸಿಯ ಜೊತೆ ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಅವರು ಈಗಾಗಲೇ ನೋಡಿಕೊಳ್ಳುತ್ತಿರುವ ಇನ್ನೊಂದು ಅಪಾರ್ಟ್‌ಮೆಂಟ್‌ನ ವಿಳಾಸ ಇಸ್ಕೊಂಡು ಅಲ್ಲಿಗೆ ಹೋಗಿ. ಮುಂಭಾಗದ ಹೂವಿನ ಪಾತಿ ನೋಡಿ ಬರಬೇಡಿ, ಅದು ಎಲ್ಲ ಕಡೆ ಚೆನ್ನಾಗೇ ಇರುತ್ತದೆ. ಹಿಂಬದಿಗೆ, ಜನರೇಟರ್ ಇಟ್ಟಿರುವ ಕಡೆಗೆ ಹೋಗಿ. ಗೋಡೆಯ ಮೇಲೆ ಹೊಗೆಯ ಕಪ್ಪು ಇದೆಯಾ, ಚೀಲಗಳು ಅಟ್ಟಿ ಬಿದ್ದಿವೆಯಾ, ಗೊಬ್ಬರದ ತೊಟ್ಟಿ ಇದ್ದರೆ ಅದರ ಮುಚ್ಚಳ ಈಚೆಗೆ ಯಾರಾದರೂ ತೆಗೆದ ಹಾಗಿದೆಯಾ ನೋಡಿ. ಅಲ್ಲಿ ಕೆಲಸ ಮಾಡುವ ಮಾಲಿಯನ್ನು ಮಾತಾಡಿಸಿ, ಎಲೆ ಏನು ಮಾಡ್ತೀರಿ ಅಂತ ಕೇಳಿ. ಮ್ಯಾನೇಜರ್ ಹೇಳಿದ್ದೂ ಮಾಲಿ ಹೇಳಿದ್ದೂ ಒಂದೇ ಆಗಿದ್ದರೆ ಅವರಿಗೇ ಕೆಲಸ ಕೊಡಿ. ಮೊದಲ ಮೂರು ತಿಂಗಳು ಪರೀಕ್ಷೆಗೆ ಅಂತ ಇಟ್ಟುಕೊಳ್ಳಿ. ಆ ಮೂರು ತಿಂಗಳಲ್ಲಿ ಫೆಬ್ರವರಿ, ಮಾರ್ಚ್ ಸೇರಿರಲಿ.